ಗುಂಡಿ ಬಾಲ ಬಿಚ್ಚಿದ್ದು

ಅತ್ತೆಯ ಫೋನ್ ಬಂದಾಗ ನಾನು ಒಬ್ಬ ಉದ್ದನೆಯ ಗಿರಾಕಿಯ ಕಾಲ ಬಳಿ ಮಂಡಿಯೂರಿ ಕೂತಿದ್ದೆ. ಬಾಯಲ್ಲಿ ನಾಲ್ಕೈದು ಗುಂಡುಸೂಜಿ. ದೊಡ್ಡ ಬಟ್ಟೆ ಅಂಗಡಿಯೊಂದರ ಮೂಲೆಯಲ್ಲಿ ಆಲ್ಟರೇಷನ್ ಮಾಡುವುದು ನನ್ನ ಕೆಲಸ. ಪ್ಯಾಂಟಿನ ಉದ್ದ ಕಡಿಮೆ ಮಾಡುತ್ತೇನೆ, ಸೊಂಟ ಬಿಗಿಸುತ್ತೇನೆ, ಜಿಪ್ ಬದಲಾಯಿಸುತ್ತೇನೆ. ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

"ಅಳಿಯಂದ್ರೇ, ನಿಮ್ಮ ಗುಂಡಿ ಬಾಲ ಬಿಚ್ಚಿದೆ."

ಸೂಜಿಗಳ ಸಂದಿಯಿಂದಲೇ ನನಗೆ ನಗು ಬಂತು. "ಬಿಚ್ಚಲಿ ಬಿಡಿ ಅತ್ತೆ. ಸಂಜೆ ಬಂದು ಎರಡು ಬುದ್ಧಿಮಾತು ಹೇಳ್ತೀನಿ."

"ಆಯ್ತು" ಎಂದು ಅತ್ತೆ ಫೋನ್ ಇಟ್ಟುಬಿಟ್ಟರು.

ಗುಂಡಿ ನಮ್ಮ ಮನೆಯ ಹಲ್ಲಿ. ಗೋಡೆಯ ಮೇಲೆ ಓಡಾಡುವ ಜಾತಿಯದಲ್ಲ. ಮೈಮೇಲೆ ಚಿರತೆಯ ಹಾಗೆ ಚುಕ್ಕಿಗಳಿರುವ, ಹಳದಿ ಬಣ್ಣದ, ಅಂಗೈ ತುಂಬುವಷ್ಟು ದೊಡ್ಡ ಲೆಪರ್ಡ್ ಗೆಕ್ಕೊ. ಇದಕ್ಕೆ ಗೋಡೆ ಹತ್ತಲು ಬರುವುದಿಲ್ಲ. ನಡೆಯುತ್ತದೆ, ಅದೂ ಬಾಡಿಗೆ ಮನೆ ನೋಡಲು ಬಂದವರ ಹಾಗೆ, ನಿಂತು ನಿಂತು. ನಮ್ಮಲ್ಲಿ ಎರಡಿವೆ. ಗುಂಡಗಿರುವ ಹೆಣ್ಣು ಗುಂಡಿ. ಸದಾ ಗೂಡಿನ ತೂತಿನಲ್ಲೇ ಸಿಕ್ಕಿಕೊಂಡಿರುವ ಗಂಡು ಕಾಜ. ದರ್ಜಿಗಳ ಮನೆಗೆ ಬಂದ ಮೇಲೆ ಗುಂಡಿ, ಕಾಜ ಎನ್ನದೆ ಇನ್ನೇನು ಎನ್ನಬೇಕು ಎಂದು ನನ್ನ ಹೆಂಡತಿಯೇ ಹೆಸರಿಟ್ಟಳು. ಆದರೆ ಗುಂಡಿ ಕಾಜದ ತೂತಿಗೆ ಸೇರುವುದು ಬಟ್ಟೆಯಲ್ಲಿ ಮಾತ್ರ. ಇವುಗಳಿಗೆ ಬೇರೆ ಬೇರೆ ಗಾಜಿನ ಪೆಟ್ಟಿಗೆ.

ಇವನ್ನು ಕೊಟ್ಟವರು ಕೆಲಸ ಮುಗಿಸಿ ನಾನು ಓದಲು ಹೋಗುವ ಸಂಜೆ ತರಗತಿಯ ಜೀವಶಾಸ್ತ್ರದ ಮೇಡಂ. ಅವರು ಊರು ಬಿಡುವ ಹೊತ್ತಿಗೆ, ತರಗತಿಯಲ್ಲಿ ನನಗಿಂತ ಬುದ್ಧಿವಂತರು ಎಷ್ಟೋ ಜನ ಇದ್ದರೂ, ನನ್ನನ್ನೇ ಕರೆದರು. "ನೀವು ಬೋರ್ಡ್ ಮೇಲೆ ಇರೋದನ್ನ ಬರ್ಕೊಂಡ ಮೇಲೂ ತಿರುಗಿ ನೋಡ್ತೀರಿ. ಇವಕ್ಕೆ ಅಂಥವರೇ ಬೇಕು" ಎಂದರು. ನನ್ನ ಅಂಜಿಕೆಯನ್ನು ಯಾರಾದರೂ ಗುಣ ಎಂದು ಕರೆದದ್ದು ಅದೇ ಮೊದಲು. ಆ ಮಾತಿನ ಬಲದ ಮೇಲೆ ಎರಡು ಪೆಟ್ಟಿಗೆ ಹೊತ್ತುಕೊಂಡು ಮನೆಗೆ ಬಂದೆ.

ಬಾಗಿಲಲ್ಲೇ ಅತ್ತೆ ನಿಂತಿದ್ದರು. ನನ್ನ ಹೆಂಡತಿಯ ತಾಯಿ. ನಮ್ಮ ಜೊತೆಗೇ ಇರುತ್ತಾರೆ. ಆಯುಷ್ಯವಿಡೀ ಶಾಲೆ ಮಕ್ಕಳ ಸಮವಸ್ತ್ರ ಹೊಲಿದವರು, ನನಗೆ ಕತ್ತರಿ ಹಿಡಿಯಲು ಕಲಿಸಿದವರೂ ಅವರೇ. ಕಲಿತದ್ದಕ್ಕೆ ಮಾತ್ರ ಒಂದು ದಿನವೂ ಭೇಷ್ ಎಂದವರಲ್ಲ.

"ಜನ ಹಲ್ಲಿ ಓಡಿಸೋಕೆ ಪೊರಕೆ ಹಿಡೀತಾರೆ. ನಮ್ಮ ಅಳಿಯಂದ್ರು ಅದಕ್ಕೆ ಬಿಸಿ ಹಾಸಿಗೆ ಹಾಸ್ತಾರೆ" ಎಂದರು.

ಬಿಸಿ ಹಾಸಿಗೆ ಎಂದದ್ದು ಸುಳ್ಳಲ್ಲ. ಪೆಟ್ಟಿಗೆಯ ಒಂದು ಬದಿಗೆ, ಗಾಜಿನ ಕೆಳಗೆ, ಕಾವು ಕೊಡುವ ಒಂದು ಚಾಪೆ ಇದೆ. ಅದಕ್ಕೆ ಶಾಖ ಹದ್ದು ಮೀರದಂತೆ ನೋಡಿಕೊಳ್ಳುವ ಥರ್ಮೋಸ್ಟಾಟ್ ಇದೆ. ಆ ಥರ್ಮೋಸ್ಟಾಟನ್ನು ನೋಡಿಕೊಳ್ಳಲು ನಾನಿದ್ದೇನೆ. ಇನ್ನೊಂದು ಬದಿ ತಂಪು. ಬಿಸಿ ಕಡೆ ಒಂದು ಗೂಡು, ತಂಪು ಕಡೆ ಒಂದು, ನಡುವೆ ಒದ್ದೆ ಪಾಚಿ ತುಂಬಿದ ಇನ್ನೊಂದು. ಪೊರೆ ಬಿಡುವಾಗ ಈ ಒದ್ದೆ ಗೂಡು ಬೇಕೇ ಬೇಕು. ನೆಲಕ್ಕೆ ಮರಳು ಹಾಕುವಂತಿಲ್ಲ, ನುಂಗಿದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಆದ್ದರಿಂದ ಟೈಲ್ಸ್. ತಿನ್ನಲು ಜೀವಂತ ಹುಳು, ಅದರ ಮೇಲೆ ಸುಣ್ಣದಂಥ ಕ್ಯಾಲ್ಸಿಯಂ ಪುಡಿ. ಇಷ್ಟನ್ನೂ ಮಾಡಿ ಮುಗಿಸಿದ ಮೇಲೂ ಏನೋ ಬಿಟ್ಟೆನಲ್ಲ ಎಂದು ನನಗೆ ಅನಿಸುತ್ತಲೇ ಇರುತ್ತದೆ.

ಅತ್ತೆ ಪೆಟ್ಟಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ಒಂದು ಸಂಜೆ ಮಾತ್ರ ದೂರದಿಂದಲೇ ಬಗ್ಗಿ ನೋಡಿ, "ಇದು ಕಣ್ಣು ಮುಚ್ಚುತ್ತಲ್ರೀ!" ಎಂದಿದ್ದರು. ಹೌದು, ಇವಕ್ಕೆ ರೆಪ್ಪೆ ಇದೆ. ಗೋಡೆಯ ಹಲ್ಲಿಗೆ ಇಲ್ಲ. "ಕಣ್ಣು ಮುಚ್ಚೋಕೆ ಬರೋದಕ್ಕೆ ಸ್ವಲ್ಪ ಮಾನ ಮರ್ಯಾದೆನೂ ಇರುತ್ತೆ" ಎಂದು ತೀರ್ಪು ಕೊಟ್ಟು ಒಳಗೆ ಹೋದರು. ಆಮೇಲೆ ಒಂದೊಂದು ಹೆಜ್ಜೆ ಹತ್ತಿರ ಬಂದರು. ಅಂಗಡಿಯಲ್ಲಿ ರಿಯಾಯಿತಿ ಮಾರಾಟ ಶುರುವಾಗಿ ನನಗೆ ಬಿಡುವಿಲ್ಲದಾದಾಗ, "ನೀರು ನಾನು ಬದಲಾಯಿಸ್ತೀನಿ" ಎಂದು ತಾವೇ ಹೇಳಿದರು. "ನೀರು ಮಾತ್ರ ಅತ್ತೆ, ಮುಟ್ಟೋದು ಬೇಡ" ಎಂದು ನಾನು ಹೊಸ್ತಿಲಿಂದ ಒಮ್ಮೆ, ಮೆಟ್ಟಿಲಿಂದ ಒಮ್ಮೆ, ಬೀದಿಯಿಂದ ಒಮ್ಮೆ ಹೇಳಿ ಹೋಗಿದ್ದೆ.

ಫೋನ್ ಬಂದ ಆ ಸಂಜೆ ಮನೆಗೆ ಬಂದರೆ ಊಟದ ಮೇಜಿನ ಮೇಲೆ ಒಂದು ತಟ್ಟೆ, ಅದಕ್ಕೆ ಕರವಸ್ತ್ರ ಮುಚ್ಚಿದೆ. ಎತ್ತಿ ನೋಡಿದೆ. ಬಾಲ. ದಪ್ಪಗೆ, ಪಟ್ಟೆಪಟ್ಟೆಯಾಗಿ, ಒಡತಿಯೇ ಇಲ್ಲದೆ ಬಿದ್ದುಕೊಂಡಿತ್ತು.

ಬಾಲ ಬಿಚ್ಚುವುದು ಎಂದರೆ ಎಲ್ಲರ ಮಾತಿನಲ್ಲಿ ಚೇಷ್ಟೆಗೆ ಶುರುಮಾಡುವುದು, ತುಂಟಾಟ ಮಿತಿ ಮೀರುವುದು. ಆದರೆ ಅತ್ತೆ ದರ್ಜಿ. ತೋಳು ಕಿತ್ತು ಬಂದರೂ, ಜೇಬು ಜೋತುಬಿದ್ದರೂ, ಅಂಚು ಬಿಟ್ಟರೂ ಅವರ ಬಾಯಲ್ಲಿ ಇರುವುದು ಒಂದೇ ಕ್ರಿಯಾಪದ: ಬಿಚ್ಚಿದೆ. ಅವರು ನಡೆದದ್ದನ್ನು ನಡೆದ ಹಾಗೇ ಹೇಳಿದ್ದರು. ನಾನು ನಕ್ಕಿದ್ದೆ.

ಗುಂಡಿ ಬಿಸಿ ಗೂಡಿನ ಮೂಲೆಯಲ್ಲಿ ಮುದುಡಿದ್ದಳು. ಬಾಲವಿದ್ದ ಕಡೆ ಗುಲಾಬಿ ಬಣ್ಣದ ಸಣ್ಣ ಮೊಂಡು. ರಕ್ತ ಹೆಚ್ಚು ಇರಲಿಲ್ಲ. ಅತ್ತೆ ತಮ್ಮ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಿದ್ದರು. ಶಾಲೆಯ ವ್ಯಾನ್ ಓಡಿಸುವ ನನ್ನ ಹೆಂಡತಿ ಆಗಷ್ಟೇ ಬಂದು ಕೈತೊಳೆಯುತ್ತಿದ್ದಳು. "ನನ್ನ ಹತ್ರ ಮಾತಾಡ್ತಿಲ್ಲ. ನೀವೇ ಕೇಳಿ" ಎಂದು ಕಣ್ಣಲ್ಲೇ ಒಳಗೆ ತೋರಿಸಿದಳು.

"ಏನಾಯ್ತು ಅತ್ತೆ?"

"ಫೋನ್ ಮಾಡಿ ಹೇಳಿದ್ನಲ್ಲ. ನೀವು ನಕ್ರಿ."

"ನಾನು... ಏನೋ ಚೇಷ್ಟೆ ಮಾಡ್ತಿದಾಳೆ ಅಂದ್ಕೊಂಡೆ."

"ಬಾಲ ಬಿಚ್ಚಿದೆ ಅಂದ್ರೆ ಬಾಲ ಬಿಚ್ಚಿದೆ. ಅದರಲ್ಲಿ ಇನ್ನೊಂದು ಅರ್ಥ ಹುಡುಕೋದನ್ನ ಸಂಜೆ ಕ್ಲಾಸಲ್ಲಿ ಕಲಿಸ್ತಾರಾ?"

ನಾನು ಮಂಚದ ತುದಿಯಲ್ಲಿ ಕೂತೆ. ಅವರೇ, ಗೋಡೆಗೆ ಹೇಳುವ ಹಾಗೆ, ಹೇಳಿದರು.

"ಮೈಯೆಲ್ಲ ಬೆಳ್ಳಗೆ, ಒಳಗಿನ ಅಸ್ತರು ಹೊರಗೆ ಬಂದ ಹಾಗೆ ಇತ್ತು. ಬಾಲದ ಹತ್ರ ಒಂದು ಎಳೆ ನೇತಾಡ್ತಿತ್ತು. ನಾನು ನೀರಿನ ಬಟ್ಟಲು ಇಟ್ಟು ಕೈ ತೆಗೀಬೇಕಿತ್ತು. ತೆಗೀಲಿಲ್ಲ. ನೇತಾಡೋ ಎಳೆ ಕಂಡರೆ ನನ್ನ ಕೈ ನನ್ನ ಮಾತು ಕೇಳಲ್ಲ."

ಗುಂಡಿ ಪೊರೆ ಬಿಡುತ್ತಿದ್ದಳು. ಆ ಎಳೆ ಅವಳ ಹಳೆಯ ಚರ್ಮ. ಬಸ್ಸಿನಲ್ಲಿ ಮುಂದೆ ಕೂತ ಅಪರಿಚಿತರ ಕಾಲರಿನಿಂದಲೂ ನೂಲು ಕಿತ್ತು ಬೈಸಿಕೊಂಡ ಕೈ ಅತ್ತೆಯದು. ಎಳೆದರು. ಹೆದರಿದ ಗುಂಡಿ ಬಾಲವನ್ನೇ ಕೊಟ್ಟು ಓಡಿಹೋದಳು.

"ತಟ್ಟೇಲಿ ಇಟ್ಟ ಮೇಲೂ ಅದು ಕುಣೀತಾ ಇತ್ತು ಅಳಿಯಂದ್ರೇ" ಎಂದರು.

ಪ್ರಾಣಿವೈದ್ಯರಿಗೆ ಫೋನ್ ಮಾಡಿದೆ. ಆಕೆ ಚುರುಕಾಗಿ ಮಾತಾಡುವವರು. "ಬಾಲ ಬೆಳೆಯುತ್ತೆ, ಹೆದರಬೇಡಿ. ಪಾಚಿ ತೆಗೆದು ಒದ್ದೆ ಕಾಗದ ಹಾಕಿ, ನೆಲಕ್ಕೂ ಕಾಗದವೇ ಇರಲಿ, ಗಾಯ ಶುಚಿಯಾಗಿರಬೇಕು. ಆದರೆ ಒಂದು ಗೊತ್ತಿರಲಿ, ಅದರ ಉಗ್ರಾಣ ಇದ್ದದ್ದೇ ಬಾಲದಲ್ಲಿ. ಕೂಡಿಟ್ಟ ಕೊಬ್ಬೆಲ್ಲ ಹೋಯ್ತು. ಈಗ ತಿನ್ನಬೇಕು. ತಿನ್ನದೇ ಇದ್ರೆ ಕರ್ಕೊಂಡು ಬನ್ನಿ."

ಗುಂಡಿ ತಿನ್ನಲಿಲ್ಲ. ಹುಳು ಮುಂದೆ ಬಿಟ್ಟರೆ ಮುಖ ತಿರುಗಿಸುತ್ತಿದ್ದಳು. ಪಕ್ಕದ ಪೆಟ್ಟಿಗೆಯಲ್ಲಿ ಕಾಜ ತನ್ನ ಪಾಲನ್ನು ಮುಗಿಸಿ, ತುಟಿ ನೆಕ್ಕಿಕೊಂಡು, ಇನ್ನೊಂದಿದೆಯಾ ಎಂಬಂತೆ ನೋಡುತ್ತಿದ್ದ. ಅವನ ಮೇಲೂ ನನಗೆ ಸಿಟ್ಟು ಬರುತ್ತಿತ್ತು. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುತ್ತಾರೆ. ನನಗೆ ಅತ್ತೆಯ ಮೇಲೆ ಕೋಪವಿರಲಿಲ್ಲ, ಮನೆಯಲ್ಲಿ ಕೊತ್ತಿಯೂ ಇರಲಿಲ್ಲ.

ಅದಕ್ಕಿಂತ ದೊಡ್ಡ ಸಂಗತಿ ಬೇರೆ ಇತ್ತು. ಅಂಗಡಿಯಿಂದ ನಾನು ತರುವ ಪ್ಯಾಂಟುಗಳಿಗೆ ಕೈಹೊಲಿಗೆಯಲ್ಲಿ ಅಂಚು ಮಡಿಸಿ ಕೊಡುತ್ತಿದ್ದವರು ಅತ್ತೆ. ಅವರ ಹೆಮ್ಮಿಂಗ್ ಹೊರಗಿನಿಂದ ಕಾಣುವುದೇ ಇಲ್ಲ. ಬಟ್ಟೆ ತಾನಾಗಿಯೇ ಮಡಿಸಿಕೊಂಡು ನಿಂತ ಹಾಗಿರುತ್ತದೆ. ಈಗ ಅವರು ಪ್ಯಾಂಟುಗಳನ್ನು ಹಾಗೇ ವಾಪಸ್ ಕೊಟ್ಟರು. ಸೂಜಿ ಡಬ್ಬಿಯ ಮುಚ್ಚಳ ಹಾಕಿ ಬೀರುವಿನ ಮೇಲಿಟ್ಟರು.

"ನನ್ನ ಕೈ ಕೆಟ್ಟಿದೆ. ಇನ್ನು ನನಗೆ ಏನೂ ಕೊಡಬೇಡಿ."

"ಒಂದು ಸಲ ಆದದ್ದಕ್ಕೆ..."

"ಎಳೀಬಾರದ ಕಡೆ ಎಳೆಯೋ ಕೈ ದರ್ಜಿ ಕೈ ಅಲ್ಲ."

ಹೆಂಡತಿ ಅಡುಗೆಮನೆಯಲ್ಲಿ ನನಗೆ ಮೆಲ್ಲಗೆ ಹೇಳಿದಳು: "ರೀ, ಆ ಹಲ್ಲಿ ಹೇಗಾದ್ರೂ ತಿನ್ನೋ ಹಾಗೆ ಮಾಡಿ. ಅದು ತಿಂದ್ರೆ ಅಮ್ಮ ಸೂಜಿ ಹಿಡೀತಾಳೆ. ಅದಕ್ಕೆ ಏನಾದ್ರೂ ಆದ್ರೆ ಹಿಡಿಯಲ್ಲ. ನಾನು ಬರೆದು ಕೊಡ್ತೀನಿ." ನನಗೂ ಅದೇ ಭಯವಿತ್ತು. ಸೂಜಿ ಹಿಡಿಯದ ಅತ್ತೆ ದಿನವೆಲ್ಲ ಬರಿಗೈ ನೋಡುತ್ತ ಕೂತಿರುವುದನ್ನು ಕಂಡರೆ, ಅವರಿಗೂ ಉಗ್ರಾಣವೇ ಕಳಚಿಬಿದ್ದ ಹಾಗೆ ಕಾಣುತ್ತಿತ್ತು.

ಗುಂಡಿಯನ್ನು ಡಬ್ಬಿಯಲ್ಲಿಟ್ಟುಕೊಂಡು ವೈದ್ಯರ ಬಳಿ ಹೋದೆ. ಮೊಂಡು ವಾಸಿಯಾಗುತ್ತಿದೆ, ಬಾಯಿ ಚೆನ್ನಾಗಿದೆ ಎಂದರು. ಆಮೇಲೆ ಕಾಲು ಎತ್ತಿ ನೋಡಿದರು. ಅರ್ಧಕ್ಕೆ ನಿಂತ ಪೊರೆ ಬೆರಳುಗಳಿಗೆ ಉಂಗುರದ ಹಾಗೆ ಬಿಗಿದುಕೊಂಡು ಒಣಗಿತ್ತು. ಬಾಲದ ಚಿಂತೆಯಲ್ಲಿ ನಾನು ಬೆರಳು ನೋಡಿಯೇ ಇರಲಿಲ್ಲ. "ಹಾಗೇ ಬಿಟ್ರೆ ರಕ್ತ ಓಡದೆ ಬೆರಳೇ ಉದುರುತ್ತೆ. ಇಷ್ಟು ಕಿರಿಕಿರಿ ಇದ್ರೆ ಊಟ ಹೇಗೆ ಸೇರುತ್ತೆ?" ಎಂದು ಒಂದು ಕಾಲಿನದನ್ನು ತೆಗೆದು ತೋರಿಸಿದರು. ಉಗುರುಬೆಚ್ಚಗಿನ ನೀರು, ಒದ್ದೆ ಹತ್ತಿ ಕಡ್ಡಿ, ತಾಳ್ಮೆ. "ತುಂಬಾ ಹೆದರಿದೆ, ಈಗ ಇಷ್ಟು ಸಾಕು. ಉಳಿದದ್ದು ಮನೇಲಿ ನಿಧಾನವಾಗಿ ಮಾಡಿ."

ನಿಧಾನವಾಗಿ ಮಾಡುವುದು ನನಗೆ ಗೊತ್ತು. ಕೈ ನಡುಗದೆ ಮಾಡುವುದು ಗೊತ್ತಿಲ್ಲ. ಇನ್ನೂ ಬೆಳಕಿರುವಾಗಲೇ ಕಿಟಕಿಯ ಬಳಿ ಮೇಜು ಎಳೆದು, ಅಗಲ ಡಬ್ಬಿಯಲ್ಲಿ ಬೆರಳು ಮುಳುಗುವಷ್ಟು ನೀರು ಹಾಕಿ, ಗುಂಡಿಯನ್ನು ಬಿಟ್ಟೆ. ಹೆಂಡತಿ ಟಾರ್ಚ್ ಹಿಡಿದಳು. ಹತ್ತಿ ಕಡ್ಡಿ ಬೆರಳಿಗೆ ತಾಗಿಸಿದ್ದೇ ತಡ, ಗುಂಡಿ ಹೊರಳಿ ಕಾಲು ಎಳೆದುಕೊಂಡಳು. ಇನ್ನೊಮ್ಮೆ. ಮತ್ತೊಮ್ಮೆ.

"ಎಳೀಬೇಡಿ" ಎಂಬ ದನಿ ಬಾಗಿಲಿನಿಂದ ಬಂತು.

"ಎಳೀತಿಲ್ಲ ಅತ್ತೆ, ಉಜ್ಜುತಾ ಇದೀನಿ."

"ಉಜ್ಜೋದಲ್ಲ ಅದು, ಭಯಬಿದ್ದು ಕೀಳೋದು. ಮೊದಲನೇ ಸಲ ಕಾಲರ್ ಬಿಚ್ಚೋಕೆ ಕೊಟ್ಟಾಗಲೂ ಹೀಗೇ ಬಟ್ಟೆ ಹರಿದಿಟ್ಟಿದ್ರಿ."

"ಹಾಗಾದ್ರೆ ನೀವೇ ಬನ್ನಿ."

"ನಾನು ಬರಲ್ಲ."

ಹೆಂಡತಿ ಟಾರ್ಚ್ ಆಚೀಚೆ ಮಾಡಿದಳು. "ಅಮ್ಮಾ, ನನ್ನ ಕೈ ಬಿದ್ದೋಗ್ತಿದೆ. ಬೈಯೋದೇ ಆದ್ರೆ ಕೂತ್ಕೊಂಡಾದ್ರೂ ಬೈ."

ಅತ್ತೆ ಬಂದು ಕೂತರು. ಕೈ ಮಾತ್ರ ಮಡಿಲಲ್ಲೇ ಇತ್ತು. ಗುಂಡಿ ನೀರಿನಲ್ಲಿ ನಿಂತು, ಕತ್ತೆತ್ತಿ, ಒಂದು ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆದಳು. ಅದನ್ನು ಅತ್ತೆ ನೋಡಿದ್ದನ್ನು ನಾನು ನೋಡಿದೆ.

"ನೆನೆಯೋಕೆ ಬಿಟ್ರಾ?"

"ಈಗಷ್ಟೇ ಹಾಕಿದ್ದು."

"ಗಂಜಿ ಹಾಕಿದ ಬಟ್ಟೆ ನೆನೆಯದೆ ಹೊಲಿಗೆ ಬಿಡುತ್ತಾ? ಮೊದಲು ನೆನೀಲಿ. ಅಲ್ಲಿ ನನ್ನ ಭೂತಗನ್ನಡಿ ಇದೆ, ತಗೊಂಡು ಬಾರೇ."

ಕಪ್ಪು ಬಟ್ಟೆಗೆ ಕಪ್ಪು ನೂಲು ಹಾಕುವಾಗ ಬಳಸುವ ದಪ್ಪ ಮಸೂರ ಬಂತು. ಅತ್ತೆ ಕೈ ತೊಳೆದರು, ಒರೆಸಿಕೊಂಡರು, ಬೆರಳುಗಳನ್ನು ಒಂದಕ್ಕೊಂದು ಉಜ್ಜಿ ಬೆಚ್ಚಗೆ ಮಾಡಿಕೊಂಡರು. ಆಮೇಲೆ ಕಾದರು. ನಾನಾಗಿದ್ದರೆ ಅಷ್ಟು ಕಾಯುತ್ತಿರಲಿಲ್ಲ, ನೀರು ಆರಿತೇನೋ ಎಂದು ನಾಲ್ಕು ಸಲ ಮುಟ್ಟಿ ನೋಡುತ್ತಿದ್ದೆ. ನೋಡಿದೆ ಕೂಡ.

"ನೀರಿಗೆ ಜ್ವರ ನೋಡಿದ್ದು ಸಾಕು, ಅವಳನ್ನ ಹಿಡ್ಕೊಳ್ಳಿ. ಅದುಮಬೇಡಿ. ರೇಷ್ಮೆ ಹಿಡಿದ ಹಾಗೆ, ಜಾರಬಾರದು, ಸುಕ್ಕಾಗಬಾರದು."

ಹಿಡಿದೆ. ಅತ್ತೆ ಹತ್ತಿ ಕಡ್ಡಿಯನ್ನು ಬೆರಳಿನ ಪಕ್ಕಕ್ಕೆ ಇಟ್ಟು ಉರುಳಿಸಿದರು. ಎಳೆಯಲಿಲ್ಲ. ಹೊಲಿಗೆ ಬಿಚ್ಚುವಾಗ ಅವರು ಹಾಗೆಯೇ ಮಾಡುವುದು. ನೂಲನ್ನು ಎತ್ತುವುದಿಲ್ಲ, ಅದರ ಪಕ್ಕದ ಬಟ್ಟೆಯನ್ನು ಸಡಿಲ ಮಾಡುತ್ತ ಹೋಗುತ್ತಾರೆ, ನೂಲು ತಾನಾಗಿ ಏಳುತ್ತದೆ. ಬೆಳ್ಳನೆಯ ಸಣ್ಣ ಉಂಗುರವೊಂದು ಬೆರಳಿನಿಂದ ಜಾರಿ ಹತ್ತಿಗೆ ಅಂಟಿಕೊಂಡಿತು. ಗೊಂಬೆಯ ಕೈಗವಸಿನ ತುದಿಯ ಹಾಗಿತ್ತು.

"ಬಿಚ್ಚಿತು" ಎಂದರು ಅತ್ತೆ.

ಯಾರೂ ನಗಲಿಲ್ಲ. ಮುಂದಿನ ಬೆರಳು. ಅದರ ಮುಂದಿನದು. ಕೈ ಒಂದಿಷ್ಟೂ ನಡುಗಲಿಲ್ಲ. ಗುಂಡಿಗೂ ಏನೋ ಗೊತ್ತಾದಂತೆ ಕಾಲು ಬಿಟ್ಟುಕೊಟ್ಟಳು. ಅತ್ತೆ ಮೆಲ್ಲಗೆ ಮಾತಾಡುತ್ತಲೇ ಇದ್ದರು: "ಇರೇ, ಮುಗೀತು. ಇಷ್ಟು ಬಿಗಿ ಯಾರು ಹೊಲಿದ್ರು ನಿಂಗೆ? ಅಳತೆ ತಗೊಂಡಿರಲಿಲ್ವಾ?"

ಕೊನೆಗೆ ಹಿಂಗಾಲಿನ ಕಿರುಬೆರಳು ಉಳಿಯಿತು. ಅಲ್ಲಿ ಉಂಗುರ ಅರ್ಧ ಎದ್ದಿತ್ತು, ಒಂದು ಎಳೆ ಹೊರಗೆ ನೇತಾಡುತ್ತಿತ್ತು. ಸ್ವಲ್ಪ ಎಳೆದರೆ ಬಂದೇಬಿಡುತ್ತದೆ ಎನ್ನುವಂತೆ. ಅತ್ತೆಯ ಎಡಗೈ ತಾನಾಗಿ ಅತ್ತ ಹೋಯಿತು. ಹೆಬ್ಬೆರಳು, ತೋರುಬೆರಳು ಒಂದಕ್ಕೊಂದು ಹತ್ತಿರ ಬಂದವು.

ಕೈ ಅಲ್ಲೇ ನಿಂತಿತು. ಆಮೇಲೆ ವಾಪಸ್ ಮಡಿಲಿಗೆ ಬಂತು.

"ಇದು ನಾಳೆಗಿರಲಿ. ಬರೋಕೆ ಮನಸ್ಸಿಲ್ಲದ ಎಳೆ ಎಳೆದು ನೋಡಿದ್ದಾಗಿದೆ."

ಆ ಕ್ಷಣ ನನಗಾದ ಹೆಮ್ಮೆಯನ್ನು ಹೇಗೆ ಬರೆಯುವುದೋ ತಿಳಿಯದು. ತಮ್ಮ ಮಾತು ಕೇಳದ ಕೈಯನ್ನು ಆ ವಯಸ್ಸಿನಲ್ಲಿ ಅವರು ಮಾತು ಕೇಳುವಂತೆ ಮಾಡಿದ್ದರು. ಮಾರನೆಯ ದಿನ ಒದ್ದೆ ಗೂಡಿನಿಂದ ಗುಂಡಿ ಹೊರಬಂದಾಗ ಆ ಉಂಗುರ ತಾನಾಗಿ ಬಿದ್ದುಹೋಗಿತ್ತು.

ಆ ಸಂಜೆ ಅತ್ತೆ ಬೀರುವಿನ ಮೇಲಿಂದ ಡಬ್ಬಿ ಇಳಿಸಿದರು. ಸೂಜಿಗಾಗಿ ಅಲ್ಲ. ಓವರ್‌ಲಾಕ್ ಮೆಷಿನ್ನಿಗೆ ನೂಲು ಪೋಣಿಸುವ ಉದ್ದನೆಯ ಚಿಮಟ ತೆಗೆದು, ಅದರ ತುದಿಗಳಿಗೆ ಮೆತ್ತನೆಯ ಬಟ್ಟೆ ಸುತ್ತಿದರು. "ಕಬ್ಬಿಣ ಬಾಯಿಗೆ ತಾಗಬಾರದಲ್ಲ" ಎಂದರು. ಇದು ನನಗೆ ಹೊಳೆದಿರಲಿಲ್ಲ. ಪುಡಿ ಹೊರಳಿಸಿದ ಹುಳುವನ್ನು ಅದರಲ್ಲಿ ಹಿಡಿದು, ಮುಖ ಹಿಂದಕ್ಕೆ ತಿರುಗಿಸಿಕೊಂಡು, ಗುಂಡಿಯ ಮುಂದೆ ಆಡಿಸಿದರು. ಹಲ್ಲಿಯ ಹೆದರಿಕೆ ಹೋಗಿತ್ತು, ಹುಳುವಿನದು ಹೋಗಿರಲಿಲ್ಲ.

ಗುಂಡಿ ನೋಡಿದಳು. ಒಂದು ಹೆಜ್ಜೆ ಇಟ್ಟಳು. ಬೇಟೆಗೆ ಮುಂಚೆ ಇವು ಬಾಲ ಆಡಿಸುತ್ತವೆ. ಗುಂಡಿ ಇಲ್ಲದ ಬಾಲವನ್ನು ಆಡಿಸಿದಳು. ಆ ಗುಲಾಬಿ ಮೊಂಡು ಅತ್ತಿತ್ತ ಕುಣಿಯಿತು. ಮರುಕ್ಷಣ ಚಿಮಟ ಖಾಲಿ.

"ತಿಂದ್ಲಾ?" ಅತ್ತೆ ಇನ್ನೂ ಆ ಕಡೆ ತಿರುಗಿಯೇ ಕೇಳಿದರು.

"ತಿಂದ್ಲು ಅತ್ತೆ. ತುಟಿ ನೆಕ್ಕೋತಿದಾಳೆ."

ಅವರು ತಿರುಗಿ ನೋಡಿದರು. ತುಂಬ ಹೊತ್ತು ನೋಡಿದರು. ಮೂಗು ಏರಿಸಿಕೊಂಡು ಎದ್ದರು. "ಆ ಪ್ಯಾಂಟುಗಳು ಎಲ್ಲಿವೆ? ನೀವು ಹಾಕಿರೋ ಹೆಮ್ಮಿಂಗ್ ದಾರಿ ಮೇಲಿನ ಗುಂಡಿ ಮುಚ್ಚಿದ ಹಾಗಿದೆ. ಕೊಡಿ ಇಲ್ಲಿ."

ಹೊಸ ಬಾಲ ಬೆಳೆಯಿತು. ಮೊದಲಿನ ಹಾಗೆ ಉದ್ದಕ್ಕೆ, ಪಟ್ಟೆಯಾಗಿ ಅಲ್ಲ. ಮೊಂಡಗೆ, ಉಬ್ಬಿಕೊಂಡು, ಸಣ್ಣ ಸಣ್ಣ ಚುಕ್ಕಿಯಿಂದ ಕೂಡಿ, ಬೇರೆ ಥಾನಿನ ಬಟ್ಟೆಯಲ್ಲಿ ಹಾಕಿದ ತೇಪೆಯ ಹಾಗೆ. "ಮೂಲಂಗಿ" ಎಂದಳು ಹೆಂಡತಿ. ಮೇಡಂಗೆ ಫೋಟೋ ಕಳಿಸಲು ನನಗೆ ನಾಚಿಕೆ. ನಂಬಿ ಕೊಟ್ಟವರಿಗೆ ಏನೆಂದು ತೋರಿಸುವುದು? ಅತ್ತೆಯೇ ಗದರಿಸಿದರು: "ಕಳಿಸ್ರೀ. ತೇಪೆ ಹಾಕಿದ ಬಟ್ಟೆ ಅಂದ್ರೆ ಎಸೆಯದೇ ಉಳಿಸಿಕೊಂಡ ಬಟ್ಟೆ." ಕಳಿಸಿದೆ. "ಇಷ್ಟು ದಪ್ಪ ಬಾಲ ಬರಬೇಕಾದರೆ ಚೆನ್ನಾಗಿ ನೋಡಿಕೊಂಡಿರಬೇಕು" ಎಂದು ಮೇಡಂ ಉತ್ತರಿಸಿದರು. ಅದನ್ನು ಅತ್ತೆಗೆ ಓದಿ ಹೇಳಿದೆ. "ಇನ್ನೊಂದು ಸಲ ಓದಿ, ಕಿವಿಗೆ ಸರಿಯಾಗಿ ಬೀಳಲಿಲ್ಲ" ಎಂದರು. ಅವರ ಕಿವಿಗೆ ಏನೂ ಆಗಿಲ್ಲ.

ಮೊನ್ನೆ ಮತ್ತೆ ಅಂಗಡಿಗೆ ಫೋನ್ ಬಂತು. ಮತ್ತೆ ಬಾಯಲ್ಲಿ ಸೂಜಿ, ಮುಂದೆ ಒಬ್ಬ ದಪ್ಪನೆಯ ಗಿರಾಕಿ, ಒಂದು ಕಾಲು ಮಡಿಸಿದ್ದಾಗಿತ್ತು, ಇನ್ನೊಂದು ನೆಲ ಗುಡಿಸುತ್ತಿತ್ತು.

"ಅಳಿಯಂದ್ರೇ, ಗುಂಡಿ ಬಾಲ ಬಿಚ್ಚಿದೆ."

ಈ ಸಲ ನಗಲಿಲ್ಲ. ಸೂಜಿ ಉಗಿದು, ಕೊರಳಲ್ಲಿ ಟೇಪು ಜೋತಾಡುತ್ತಿದ್ದ ಹಾಗೇ ಓಡಿದೆ. ನಮ್ಮ ಮನೆ ಅಂಗಡಿಯ ಹಿಂದಿನ ಬೀದಿಯಲ್ಲೇ. ಮೆಟ್ಟಿಲು ಹತ್ತಿ ಒಳನುಗ್ಗಿದರೆ ಕೋಣೆ ತುಂಬ ಜನ. ಕೆಳಮನೆಯ ಎಲೆಕ್ಟ್ರಿಷಿಯನ್, ಅವನ ಹೆಂಡತಿ, ಎದುರುಮನೆಯ ನರ್ಸ್. ನಡುವೆ ಕುರ್ಚಿಯಲ್ಲಿ ಅತ್ತೆ. ಅವರ ಹೆಗಲ ಮೇಲೆ ಗುಂಡಿ, ಬಾಲ ಸಮೇತ.

"ಬಾಲ?" ಎಂದೆ, ಏದುಸಿರಿನಲ್ಲಿ.

"ಇದೆಯಲ್ಲ. ಬಿಚ್ಚಿದೆ ಅಂದೆ ಅಷ್ಟೇ. ತೋಳು ಹತ್ತಿ ಇಲ್ಲಿ ಬಂದು ಕೂತಿದಾಳೆ. ಇಳಿ ಅಂದ್ರೆ ನನ್ನ ಕಿವಿ ಓಲೆ ಕಚ್ಚೋಕೆ ನೋಡ್ತಾಳೆ. ನಿಮಗೆ ಆಡು ಮಾತು ಅರ್ಥ ಆಗಲ್ವಾ?"

ಅಷ್ಟು ಜನ ಸುತ್ತ ನಿಂತರೆ ಅದಕ್ಕೆ ಗಾಬರಿಯಾಗುತ್ತದೆ ಎಂದು ಹೇಳಬೇಕೆಂದಿದ್ದೆ. ಆದರೆ ಗಾಬರಿಯಾಗಿದ್ದವನು ನಾನೊಬ್ಬನೇ.

ಎಲೆಕ್ಟ್ರಿಷಿಯನ್ ಬಗ್ಗಿ ನೋಡಿದ. "ಅಜ್ಜೀ, ಮೈ ಒಂದು ಬಣ್ಣ, ಬಾಲ ಒಂದು ಬಣ್ಣ, ಯಾಕೆ?"

"ಮೊದಲಿನ ಬಾಲ ನಾನು ಬಿಚ್ಚಿದೆ" ಎಂದರು ಅತ್ತೆ, ತಲೆ ಎತ್ತಿ. "ಇದನ್ನ ಅವಳೇ ಹೊಲ್ಕೊಂಡ್ಲು. ಬಟ್ಟೆ, ನೂಲು ಎಲ್ಲಾ ಹೊಂದಿಸಿ ಕೊಟ್ಟಿದ್ದು ನಮ್ಮ ಅಳಿಯಂದ್ರು. ಅವರ ಕೈಗುಣ."

ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಹೋಗಿ ಥರ್ಮೋಸ್ಟಾಟ್ ನೋಡಿದೆ. ಸರಿಯಾಗಿಯೇ ಇತ್ತು.

ಅಂಗಡಿಗೆ ವಾಪಸ್ ಬಂದಾಗ ಗಿರಾಕಿ ಕನ್ನಡಿಯ ಮುಂದೆ ಹಾಗೇ ನಿಂತಿದ್ದರು, ಒಂದು ಕಾಲು ಗಿಡ್ಡ, ಒಂದು ಉದ್ದ. ಪಾಪ, ಸಿಟ್ಟಾಗಿರಲಿಲ್ಲ.

"ಮನೇಲಿ ಏನಾದ್ರೂ ತೊಂದರೆನಾ?" ಎಂದು ಕೇಳಿದರು.

"ಇಲ್ಲ ಸಾರ್" ಎಂದೆ. ಮಂಡಿಯೂರಿ ಕೂತು, ಇಡೀ ಅಂಗಡಿಗೆ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ: "ನಮ್ಮ ಗುಂಡಿ ಬಾಲ ಬಿಚ್ಚಿದೆ."

ಅವರು ತಮ್ಮ ಅಂಗಿಯ ಗುಂಡಿಗಳನ್ನು ಮೇಲಿನಿಂದ ಕೆಳಗಿನವರೆಗೂ ಒಂದೊಂದಾಗಿ ಮುಟ್ಟಿ ನೋಡಿಕೊಂಡರು.